ಸ್ಪ್ಯಾನಿಷ್ ಭಾಷೆಯಲ್ಲಿ ಇಂಗ್ಲಿಷಿನ ಎರವಲು: ವಿಮರ್ಶಕರ ನಿಲುವಿನ ಪರಿಶೀಲನೆ

ಒಂದು ಭಾಷೆಯು ಮತ್ತೊಂದರಿಂದ ಶಬ್ದಗಳನ್ನು ಎರವಲು ತರುವುದು ಲೋಕದಲ್ಲಿ ಹೊಸದಲ್ಲ. ಹಾಗೆ ಬಂದ ಶಬ್ದಗಳನ್ನು ಕಂಡು ಆ ಭಾಷೆಯ ವಿದ್ವಾಂಸರು ಕಳವಳಗೊಳ್ಳುವುದೂ ಹೊಸದಲ್ಲ. ಸ್ಪ್ಯಾನಿಷ್ ಭಾಷೆಯಲ್ಲಿ ಈ ಕಳವಳವು ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ಕಡೆಗೆ ತಿರುಗಿತು. ಇಂದಿಗೂ ಅದು ಶಮನವಾಗಿಲ್ಲ. ಈ ವಿಷಯವಾಗಿ ಹುಟ್ಟಿರುವ ನಿಘಂಟುಗಳೂ ಪ್ರಬಂಧಗಳೂ ಅನೇಕವಾಗಿವೆ. ಅವುಗಳಲ್ಲಿ ಕಂಡುಬರುವ ವಾದಗಳನ್ನು ತೂಗಿನೋಡಿ, ಇಂಗ್ಲಿಷಿನಿಂದ ಆ ಭಾಷೆಗೆ ಒದಗಿದ ನಿಜವಾದ ಹಾನಿ ಯಾವುದು, ಹಾನಿಯೆಂದು ತೋರುವುದು ಮಾತ್ರ ಯಾವುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸ್ಪ್ಯಾನಿಷ್ ಶಬ್ದಗಳನ್ನು ಇಲ್ಲಿ ಆದಷ್ಟು ಮಟ್ಟಿಗೆ ಉಚ್ಚಾರಣೆಗೆ ಹತ್ತಿರವಾಗುವಂತೆ ಬರೆದಿದೆ. ನಮ್ಮ ಟಕಾರ ಡಕಾರಗಳಂತಹ ಮೂರ್ಧನ್ಯಗಳು ಆ ಭಾಷೆಯಲ್ಲಿಲ್ಲ. ತಕಾರ ದಕಾರಗಳೇ ಉಂಟು. ಬಕಾರ ವಕಾರಗಳಿಗೆ ಬರಹದಲ್ಲಲ್ಲದೆ ಉಚ್ಚಾರಣೆಯಲ್ಲಿ ಭೇದವಿಲ್ಲವಾದುದರಿಂದ ಎರಡನ್ನೂ ಬಕಾರದಿಂದಲೇ ಸೂಚಿಸಿದೆ.

1

ಮೊದಲು ಪೂರ್ವಚರಿತ್ರೆಯನ್ನು ನೋಡಬೇಕು. ಲ್ಯಾಟಿನಿನಿಂದ ಹುಟ್ಟಿದ ಈ ಭಾಷೆಯು ಅರಬರ ಆಳ್ವಿಕೆಯ ಕಾಲದಲ್ಲಿ ಅರಬ್ಬಿಯಿಂದ ಅಪಾರವಾಗಿ ಶಬ್ದಗಳನ್ನು ಪಡೆಯಿತು. ಸಾಧಿತ ರೂಪಗಳನ್ನೂ ಸೇರಿಸಿ ಎಣಿಸಿದರೆ ಇವು ನಾಲ್ಕು ಸಾವಿರದಷ್ಟಾಗುವುವೆಂದು ವಿದ್ವಾಂಸರು ಹೇಳುವರು. ಎಣ್ಣೆ, ದಿಂಬು, ನೀರುಗಾಲುವೆ, ಪುರಾಧ್ಯಕ್ಷ ಎಂಬ ಅರ್ಥದ ಸ್ಪ್ಯಾನಿಷ್ ಮಾತುಗಳೆಲ್ಲ ಅರಬ್ಬಿಯವೇ. ಇವುಗಳಲ್ಲಿ ಕೆಲವು ನಮಗೂ ನಂಟರು. ಸಕ್ಕರೆಗೆ ಸ್ಪ್ಯಾನಿಷಿನಲ್ಲಿ ‘ಅಸೂಕರ್’ ಎಂದೂ ಚದುರಂಗಕ್ಕೆ ‘ಅಹೆದ್ರೇಸ್’ ಎಂದೂ ಹೆಸರು. ಸಂಸ್ಕೃತದ ಶರ್ಕರಾ, ಚತುರಂಗ ಎಂಬ ಮಾತುಗಳೇ ಪಾರಸಿಯನ್ನೂ ಅರಬ್ಬಿಯನ್ನೂ ಹಾದು ಅಲ್ಲಿಗೆ ಹೋಗಿ ಈ ರೂಪವನ್ನು ತಳೆದಿವೆ. ಇಂದು ‘ಅಸೂಕರ್’ ಎಂಬುದನ್ನು ಪರಕೀಯವೆಂದು ಬಗೆಯುವ ಸ್ಪೇನಿನವನು ಯಾವನೂ ಇಲ್ಲ.

ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ಮೂಲದ ಬೂರ್ಬೋನ್ ರಾಜವಂಶವು ಸ್ಪೇನಿನಲ್ಲಿ ನೆಲೆಗೊಂಡಾಗ ಫ್ರೆಂಚ್ ಶಬ್ದಗಳ ಪ್ರವಾಹ ಬಂದಿತು. ಸ್ಪ್ಯಾನಿಷ್ ರಾಜಕೀಯ ಅಕಾಡೆಮಿಯು 1713ರಲ್ಲಿ ಸ್ಥಾಪಿತವಾದುದು ಇದೇ ಕಾಲದಲ್ಲಿ. ಭಾಷೆಯನ್ನು ಶುಚಿಗೊಳಿಸುವುದು, ನೆಲೆಗೊಳಿಸುವುದು, ಅದಕ್ಕೆ ಕಾಂತಿಯನ್ನು ಕೊಡುವುದು ಎಂಬ ಮೂರು ಕಾರ್ಯಗಳನ್ನು ಅದು ತನ್ನ ಧ್ಯೇಯವಾಕ್ಯದಲ್ಲಿ ಹೇಳಿಕೊಂಡಿತು. ಫ್ರೆಂಚ್ ಅಕಾಡೆಮಿಯ ಮಾದರಿಯಲ್ಲಿ ಹುಟ್ಟಿದ ಸಂಸ್ಥೆಯ ಕಾಲದಲ್ಲಿಯೇ ಫ್ರೆಂಚ್ ಶಬ್ದಗಳ ಮೇಲೆ ದೂರು ಎದ್ದುದು ಸ್ವಾರಸ್ಯವಾದ ಸಂಗತಿ. ಕದಾಲ್ಸೊ ಎಂಬ ಲೇಖಕನು ಫ್ರೆಂಚನ್ನು ಬೆರಸಿ ಮಾತನಾಡುವವರನ್ನು ಅಣಕಿಸಿದನು. ವೆನೆಜುವೇಲದಲ್ಲಿ ಹುಟ್ಟಿದ ಬರಾಲ್ತ್ ಎಂಬ ಪಂಡಿತನು 1855ರಲ್ಲಿ ಇಂತಹ ಪ್ರಯೋಗಗಳ ಖಂಡನೆಗಾಗಿಯೇ ಒಂದು ನಿಘಂಟನ್ನು ಪ್ರಕಟಿಸಿದನು. ಅವನು ಖಂಡಿಸಿದ ಮಾತುಗಳಲ್ಲಿ ಹಲವು ಇಂದು ನಿರ್ದುಷ್ಟವಾದ ಸ್ಪ್ಯಾನಿಷೆಂದು ಸಲ್ಲುತ್ತಿವೆ. ಖಂಡನೆಯ ನಿಘಂಟುಗಳಿಗೆ ಸಾಮಾನ್ಯವಾಗಿ ಒದಗುವ ಗತಿಯಿದು.

ಆದುದರಿಂದ ಇಂಗ್ಲಿಷಿನ ವಿಷಯದಲ್ಲಿಯೂ ‘ಇದು ಹೊರಗಿನಿಂದ ಬಂದುದು’ ಎಂಬುದೊಂದೇ ಕಾರಣವನ್ನು ದೋಷವೆಂದು ಹೇಳಿದರೆ ಸಾಲದು. ಹೊರಗಿನಿಂದ ಬಂದ ಮಾತು ಒಳಗೆ ಏನಾಯಿತು ಎಂಬುದನ್ನು ನೋಡಬೇಕು.

2

ಹೀಗೆ ನೋಡುವುದಕ್ಕೆ ನಮ್ಮ ವೈಯಾಕರಣರ ಪರಿಭಾಷೆಯು ತುಂಬ ಉಪಯುಕ್ತವಾಗಿದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಸಂಸ್ಕೃತದಿಂದ ಬಂದ ಮಾತುಗಳನ್ನು ತತ್ಸಮ ತದ್ಭವಗಳೆಂದು ವಿಂಗಡಿಸಿ, ತದ್ಭವಗಳಲ್ಲಿ ಆಗುವ ವರ್ಣವ್ಯತ್ಯಾಸಗಳನ್ನು ಕ್ರಮವಾಗಿ ನಿರೂಪಿಸಿದನು. ಸ್ಪ್ಯಾನಿಷ್ ಅಕಾಡೆಮಿಯು ತನ್ನ ಇತ್ತೀಚಿನ ನಿಘಂಟುಗಳಲ್ಲಿ ಅನುಸರಿಸುವ ವಿಭಾಗವೂ ಹೆಚ್ಚು ಕಡಿಮೆ ಇಂತಹುದೇ. ಇಂಗ್ಲಿಷಿನ ಬರಹವನ್ನೂ ಉಚ್ಚಾರಣೆಯನ್ನೂ ಬಿಡದ ಮಾತುಗಳನ್ನು ಅದು ಓರೆಯಚ್ಚಿನಲ್ಲಿ ಕೊಡುತ್ತದೆ. ಸ್ಪ್ಯಾನಿಷಿನ ರೂಪಕ್ಕೆ ಒಗ್ಗಿದವುಗಳನ್ನು ನೆಟ್ಟಚ್ಚಿನಲ್ಲಿ ಕೊಡುತ್ತದೆ. ಮೊದಲಿನವು ತತ್ಸಮಗಳು, ಎರಡನೆಯವು ತದ್ಭವಗಳು ಎಂದು ನಾವು ತಿಳಿಯಬಹುದು.

ಇಂಗ್ಲಿಷು ಸ್ಪ್ಯಾನಿಷಿಗೆ ತದ್ಭವವಾಗುವಾಗ ನಡೆಯುವ ಕಾರ್ಯಗಳು ಯಾದೃಚ್ಛಿಕವಲ್ಲ. ಪದಾದಿಯಲ್ಲಿ ಸಕಾರದ ಒತ್ತಕ್ಷರವಿದ್ದರೆ ಅದರ ಹಿಂದೆ ಎಕಾರವು ಆಗಮವಾಗುತ್ತದೆ: ಸ್ಟ್ರೆಸ್ ಎಂಬುದು ‘ಎಸ್ತ್ರೇಸ್’, ಸ್ನಾಬ್ ಎಂಬುದು ‘ಎಸ್ನೋಬ್’, ಸ್ಲೋಗನ್ ಎಂಬುದು ‘ಎಸ್ಲೋಗನ್’, ಸ್ಕ್ಯಾನರ್ ಎಂಬುದು ‘ಎಸ್ಕಾನೆರ್’. ಸ್ಕೂಲನ್ನು ಇಸ್ಕೂಲೆಂದೂ ಸ್ಟೇಶನ್ನನ್ನು ಇಸ್ಟೇಶನ್ನೆಂದೂ ಹೇಳುವ ನಮ್ಮ ಹಳ್ಳಿಗರ ನಾಲಗೆಯಲ್ಲಿಯೂ ಇಂತಹ ಕಾರ್ಯವನ್ನೇ ಕಾಣುತ್ತೇವೆ. ಪದಾಂತದ ‘ಇಂಗ್’ ಎಂಬುದು ಕೆಲವು ಕಡೆ ‘ಇನ್’ ಆಗುತ್ತದೆ. ಮೀಟಿಂಗ್ ಎಂಬುದರಿಂದ ಸಾರ್ವಜನಿಕ ಸಭೆ ಎಂಬರ್ಥದ ‘ಮೀತಿನ್’ ಬಂದುದು ಹೀಗೆ. ಕ್ರಿಯಾಪದವು ಬೇಕಾದಲ್ಲಿ ‘ಎಆರ್’ ಎಂಬ ಪ್ರತ್ಯಯ ಸೇರುತ್ತದೆ. ಟ್ವಿಟರ್ ಎಂಬ ಜಾಲತಾಣದ ಹೆಸರಿನಿಂದ ಹುಟ್ಟಿದ ‘ತ್ವಿತೆಆರ್’ ಎಂಬ ಧಾತುವು 2014ರ ಅಕಾಡೆಮಿ ನಿಘಂಟಿನಲ್ಲಿ ಸ್ಥಾನವನ್ನು ಪಡೆಯಿತು. ಆ ತಾಣವು 2023ರಲ್ಲಿ ಹೆಸರನ್ನು ಬದಲಾಯಿಸಿಕೊಂಡಿತಾದರೂ ಧಾತುವು ಉಳಿದಿದೆ.

ಕೆಲವು ತದ್ಭವಗಳಲ್ಲಿ ಭಾಷೆಯು ತನ್ನದೇ ಆದ ನಿರುಕ್ತಿಯನ್ನು ಕಲ್ಪಿಸಿಕೊಂಡಿದೆ. ಟ್ರಾಮ್‌ವೇ ಎಂಬ ಇಂಗ್ಲಿಷ್ ಮಾತು ‘ತ್ರಂಬೀಆ’ ಆಯಿತು. ಇದರ ಉತ್ತರಪದವಾದ ‘ಬೀಆ’ ಎಂಬುದು ದಾರಿ ಎಂಬರ್ಥದ ಅಚ್ಚ ಸ್ಪ್ಯಾನಿಷ್ ಮಾತು, ಲ್ಯಾಟಿನಿನಿಂದ ನೇರವಾಗಿ ಇಳಿದು ಬಂದುದು. ಪೂರ್ವಾರ್ಧವು ಅತಿಥಿ, ಉತ್ತರಾರ್ಧವು ಮನೆಯದು. ಕೇಳುವವನಿಗೆ ಸಂಧಿಸ್ಥಾನವೇ ತಿಳಿಯದು.

ಇನ್ನು ಸಾಧನಶಕ್ತಿಯನ್ನು ನೋಡೋಣ. ಇಂಗ್ಲಿಷಿನ ಗೋಲ್ ಎಂಬ ಆಟದ ಮಾತು ಸ್ಪ್ಯಾನಿಷಿಗೆ ‘ಗೋಲ್’ ಎಂದೇ ಬಂದಿತು. ಅದಕ್ಕೆ ‘ಗೋಲೆಸ್’ ಎಂದು ಸ್ಪ್ಯಾನಿಷಿನ ಬಹುವಚನವಾಯಿತು. ಹಲವು ಗೋಲುಗಳನ್ನು ಹೊಡೆಯುವುದಕ್ಕೆ ‘ಗೊಲೆಆರ್’ ಎಂದೂ, ಹೊಡೆಯುವವನಿಗೆ ‘ಗೊಲೆಅದೋರ್’ ಎಂದೂ, ಗೋಲುಗಳ ಸುರಿಮಳೆಗೆ ‘ಗೊಲೆಆದ’ ಎಂದೂ, ಅತಿ ಸೊಗಸಾದ ಗೋಲಿಗೆ ‘ಗೊಲಾಸೊ’ ಎಂದೂ ರೂಪಗಳು ಹುಟ್ಟಿದುವು. ಇಷ್ಟೊಂದು ಸಂತಾನವುಳ್ಳ ಮಾತನ್ನು ಅನ್ಯವೆಂದು ಹೇಗೆ ಹೇಳುವುದು? ಇಂಗ್ಲಿಷಿನಲ್ಲಿಯೇ ಈ ಮೂಲದಿಂದ ಇಷ್ಟು ಸಾಧಿತಗಳಿಲ್ಲ. ಭಾಷೆಯ ಪ್ರತ್ಯಯಗಳನ್ನು ಧರಿಸಿ ಮರಿಹಾಕಿದ ಮಾತು ಆ ಭಾಷೆಯದೇ ಸರಿ.

ಇದಕ್ಕೆ ವಿರುದ್ಧವಾದ ಪ್ರವೃತ್ತಿಯೂ ಒಂದುಂಟು. ಸೇತುವೆಗೆ ಸ್ಪ್ಯಾನಿಷಿನಲ್ಲಿ ‘ಪ್ವೇಂತೆ’ ಎಂದು ಹೆಸರು. ಸೊಂಟಕ್ಕೆ ಹಗ್ಗವನ್ನು ಬಿಗಿದುಕೊಂಡು ಸೇತುವೆಯಿಂದ ಧುಮುಕುವ ವಿನೋದಕ್ಕೆ ಸ್ಪೇನಿನವರು ‘ಪ್ವೇಂತಿಂಗ್’ ಎಂದರು. ಇಂತಹ ಮಾತು ಇಂಗ್ಲಿಷಿನಲ್ಲಿಲ್ಲ. ದೇಶೀಯ ಪ್ರಕೃತಿಗೆ ಇಂಗ್ಲಿಷ್ ಪ್ರತ್ಯಯವನ್ನು ಹಚ್ಚಿದ ಇದು ನಮ್ಮ ಅರಿಸಮಾಸದ ಬಂಧು. ಶಬ್ದವು ಎರವಲು ಬಂದಾಗ ಸುಮ್ಮನಿದ್ದರೂ ಪ್ರತ್ಯಯವು ಎರವಲು ಬಂದಾಗ ವೈಯಾಕರಣನು ಎಚ್ಚರಗೊಳ್ಳುವುದು ಯುಕ್ತವೇ. ಆದರೆ ಇಂತಹವು ವಿನೋದದ ಮಾತುಗಳಲ್ಲಿ ಮಾತ್ರ ಹೆಚ್ಚಾಗಿ ಕಾಣುವುದರಿಂದ ಸದ್ಯಕ್ಕೆ ಭಯಕ್ಕೆ ಕಾರಣವಿಲ್ಲ.

3

ಪರಿಶುದ್ಧಿವಾದಿಗಳು ಖಂಡಿಸಿ ಸುಮ್ಮನಾಗಲಿಲ್ಲ. ಬದಲು ಮಾತುಗಳನ್ನೂ ಕಟ್ಟಿಕೊಟ್ಟರು. ಇವುಗಳ ಫಲಾಫಲವು ಬೋಧಪ್ರದವಾಗಿದೆ. ಮರಿಯಾನೊ ದೆ ಕಾಬಿಯ ಎಂಬ ಪತ್ರಿಕಾಲೇಖಕನು 1908ರಲ್ಲಿ ಫುಟ್‌ಬಾಲಿಗೆ ಬದಲಾಗಿ ‘ಬಲೊಂಪ್ಯೇ’ ಎಂಬ ಮಾತನ್ನು ಸೂಚಿಸಿದನು. ಚೆಂಡು, ಕಾಲು ಎಂಬ ಎರಡು ದೇಶೀಯ ಮಾತುಗಳನ್ನು ಕೂಡಿಸಿ ಮಾಡಿದ ಈ ಸಮಾಸದಲ್ಲಿ ದೋಷವೇನೂ ಇಲ್ಲ. ಆದರೂ ಜನರು ‘ಫೂತ್‌ಬೊಲ್’ ಎಂದೇ ಹೇಳಿದರು. ಇಂದು ‘ಬಲೊಂಪ್ಯೇ’ ಎಂಬುದು ಸೆವಿಲ್ಯ ನಗರದ ಬೇತಿಸ್ ತಂಡದಂತಹ ಕೆಲವು ಹಳೆಯ ಸಂಘಗಳ ಹೆಸರಿನಲ್ಲಿಯೂ, ಪುನರುಕ್ತಿಯನ್ನು ತಪ್ಪಿಸಲೆಣಿಸುವ ಬರಹಗಾರರ ಲೇಖನಿಯಲ್ಲಿಯೂ ಉಳಿದಿದೆ. ಅದೇ ಬಗೆಯ ರಚನೆಯಾದ ‘ಬಲೊನ್ಸೇಸ್ತೊ’ ಎಂಬುದಾದರೋ, ಚೆಂಡು ಬುಟ್ಟಿ ಎಂಬರ್ಥದ್ದು, ಸ್ಪೇನಿನಲ್ಲಿ ಬಾಸ್ಕೆಟ್‌ಬಾಲಿಗೆ ರೂಢನಾಮವಾಗಿ ನಿಂತಿತು. ಒಂದು ಸೋತು ಮತ್ತೊಂದು ಗೆದ್ದುದಕ್ಕೆ ರಚನೆಯ ಗುಣದೋಷವು ಕಾರಣವಲ್ಲ. ಆಟವು ಜನರ ಬಾಯಲ್ಲಿ ಒಂದು ಹೆಸರಿನಿಂದ ನೆಲೆಗೊಂಡ ಬಳಿಕ ಬಂದ ಹೆಸರು ನಿಲ್ಲುವುದು ಕಷ್ಟ. ಆಟದೊಡನೆಯೇ ಬಂದ ಹೆಸರು ನಿಲ್ಲುವುದು ಸುಲಭ ಎಂದು ಊಹಿಸಬಹುದು.

ತದ್ಭವಗಳನ್ನು ಪಂಡಿತರೇ ಕೂಡಿ ತಯಾರಿಸಿದರೂ ಇದೇ ಗತಿ. ವಿಸ್ಕಿಯನ್ನು ಅಕಾಡೆಮಿಯು ‘ಗ್ವೀಸ್ಕಿ’ ಎಂದು ಬರೆಯಹೇಳಿತು, ಜನರು ಆದರಿಸಲಿಲ್ಲ. 2010ರ ವರ್ಣವಿನ್ಯಾಸಗ್ರಂಥದಲ್ಲಿ ಅದಕ್ಕೆ ಬೇರೊಂದು ಬರಹವನ್ನು ಸೂಚಿಸಬೇಕಾಯಿತು. ಅಡಕಮುದ್ರಿಕೆಗೆ ಇಂಗ್ಲಿಷಿನಲ್ಲಿರುವ ಸಿಡಿ-ರಾಮ್ ಎಂಬ ಹೆಸರನ್ನು ‘ಸೆದೆರ್ರೋನ್’ ಎಂದು ಮಾಡಿ 2001ರ ನಿಘಂಟಿನಲ್ಲಿ ಸೇರಿಸಿದರು. 2014ರ ನಿಘಂಟಿನಲ್ಲಿ ಅದನ್ನು ತೆಗೆದುಹಾಕಿದರು. ಇದಕ್ಕೆ ಪ್ರತಿಯಾಗಿ, ಸ್ಕೈಸ್ಕ್ರೇಪರ್ ಎಂಬುದನ್ನು ಆಕಾಶವನ್ನು ಕೆರೆಯುವುದು ಎಂಬರ್ಥದ ‘ರಸ್ಕಸ್ಯೇಲೊಸ್’ ಎಂದು ಯಾರೋ ಮಾಡಿದ ಅನುವಾದವು ಎಲ್ಲರಿಗೂ ಒಪ್ಪಿಗೆಯಾಯಿತು. 1726ರಿಂದ 1739ರ ವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಅಕಾಡೆಮಿಯ ಮೊದಲ ನಿಘಂಟು ಪ್ರತಿಯೊಂದು ಮಾತಿಗೂ ಗ್ರಂಥಕರ್ತರ ಪ್ರಯೋಗಗಳನ್ನು ಆಧಾರವಾಗಿ ಕೊಡುತ್ತಿತ್ತು. ಪೂರ್ವಕವಿಪ್ರಯೋಗವೇ ಪ್ರಮಾಣವೆಂಬ ನಮ್ಮ ಲಾಕ್ಷಣಿಕರ ಮತಕ್ಕೆ ಇದು ಹತ್ತಿರವಾದುದು. ಪ್ರಯೋಗವು ಹುಟ್ಟುವ ಮುನ್ನವೇ ಮಾತನ್ನು ನಿಘಂಟಿನಲ್ಲಿ ಸೇರಿಸಿದಾಗ ಅಕಾಡೆಮಿಯು ತನ್ನ ಮೊದಲಿನ ಮಾರ್ಗವನ್ನೇ ಬಿಟ್ಟಂತಾಯಿತು ಎಂದು ಹೇಳದೆ ವಿಧಿಯಿಲ್ಲ.

4

ಈವರೆಗೆ ಹೇಳಿದುದು ಕಣ್ಣಿಗೆ ಕಾಣುವ ಎರವಲು. ಕಾಣದ ಎರವಲು ಇನ್ನೊಂದುಂಟು. ಶಬ್ದವು ಹಳೆಯದು, ಸ್ಪ್ಯಾನಿಷಿನದೇ. ಅರ್ಥವು ಮಾತ್ರ ಇಂಗ್ಲಿಷಿನದು. ಎರಡು ಭಾಷೆಗಳಲ್ಲಿಯೂ ಲ್ಯಾಟಿನ್ ಮೂಲದ ಶಬ್ದಗಳು ಹೇರಳವಾಗಿರುವುದರಿಂದ ಈ ಬಗೆಯ ಸಂಕ್ರಮಣವು ಅತಿ ಸುಲಭ. ಒಂದು ಮಾತಿನ ದೂರದ ಮೂಲವನ್ನೂ ಹತ್ತಿರದ ಮೂಲವನ್ನೂ ಬೇರ್ಪಡಿಸಿ ನೋಡಬೇಕೆಂದು ಕ್ರಿಸ್ ಪ್ರಾಟ್ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿರುವುದು ಈ ಕಾರಣದಿಂದ ಬಹು ಮುಖ್ಯವಾದ ವಿಷಯ. ಲ್ಯಾಟಿನ್ ವೇಷದಲ್ಲಿ ಬಂದ ಇಂಗ್ಲಿಷನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ.

ಮೂರು ಉದಾಹರಣೆಗಳನ್ನು ಪರಿಶೀಲಿಸೋಣ. ‘ಸೊಫಿಸ್ತಿಕಾದೊ’ ಎಂಬುದಕ್ಕೆ ಹಿಂದೆ ಕಲಬೆರಕೆಯಾದುದು, ಕೃತಕವಾದುದು ಎಂಬ ನಿಂದಾರ್ಥವಿದ್ದಿತು. ಇಂಗ್ಲಿಷಿನ ಪ್ರಭಾವದಿಂದ ನಯನಾಜೂಕುಳ್ಳದ್ದು, ಬಹು ಸುಧಾರಿಸಿದ್ದು ಎಂಬ ಅರ್ಥ ಬಂದಿತು. ಇಂಗ್ಲಿಷಿನಲ್ಲಿಯೂ ಆ ಮಾತಿಗೆ ಮೊದಲು ನಿಂದಾರ್ಥವೇ ಇದ್ದಿತೆಂಬುದನ್ನು ನೆನೆದರೆ ಇಲ್ಲಿ ಕೋಪಕ್ಕೆ ಕಾರಣ ಕಾಣದು. ಹಳೆಯ ಅರ್ಥವು ಹಿಂದೆ ಸರಿದು ಹೊಸದು ಮುಂದೆ ಬಂದಿದೆ, ಓದುವವನಿಗೆ ಗೊಂದಲವಿಲ್ಲ.

‘ಇಗ್ನೊರಾರ್’ ಎಂಬ ಧಾತುವಿನ ವಿಷಯ ಹಾಗಲ್ಲ. ಇದಕ್ಕೆ ತಿಳಿಯದಿರು ಎಂಬುದು ಮೂಲಾರ್ಥ. ಇಂಗ್ಲಿಷಿನ ಅನುಕರಣದಿಂದ, ತಿಳಿದೂ ಲಕ್ಷಿಸದಿರು ಎಂಬ ಅರ್ಥವೂ ಇದಕ್ಕೆ ಸೇರಿದೆ; ಹಳೆಯದೂ ಹೋಗಿಲ್ಲ. ಒಬ್ಬ ಅಧಿಕಾರಿಯು ಅಪಾಯದ ಸೂಚನೆಯನ್ನು ‘ಇಗ್ನೊರಾರ್’ ಮಾಡಿದನೆಂದು ಪತ್ರಿಕೆಯಲ್ಲಿ ಬರೆದರೆ, ಅವನಿಗೆ ಅದು ತಿಳಿದಿರಲಿಲ್ಲವೋ, ತಿಳಿದೂ ಉಪೇಕ್ಷಿಸಿದನೋ? ಒಂದರ್ಥದಲ್ಲಿ ಅವನು ನಿರಪರಾಧಿ, ಇನ್ನೊಂದರಲ್ಲಿ ಅಪರಾಧಿ. ಹಾಗೆಯೇ ‘ಎಬೆಂತ್ವಲ್‌ಮೇಂತೆ’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ಪ್ರಸಂಗ ಒದಗಿದರೆ ಎಂದು ಅರ್ಥ. ಅದನ್ನೇ ಹೋಲುವ ಇಂಗ್ಲಿಷ್ ಮಾತಿಗೆ ಕೊನೆಗೆ, ಕಾಲಕ್ರಮದಲ್ಲಿ ಎಂದು ಅರ್ಥ. ಸಾಲವನ್ನು ‘ಎಬೆಂತ್ವಲ್‌ಮೇಂತೆ’ ತೀರಿಸುವೆನೆಂಬ ವಾಕ್ಯದಲ್ಲಿ ಮೊದಲನೆಯದು ಸಂದೇಹ, ಎರಡನೆಯದು ಭರವಸೆ. ಇಂತಹ ಕಡೆ ಭಾಷೆಗೆ ಒಂದು ಅರ್ಥ ಹೆಚ್ಚಾಗಿ ಬಂದಿತೆಂದು ಹೇಳುವುದಕ್ಕಿಂತ, ಇದ್ದ ಒಂದು ವಿವೇಕ ಕಳೆದುಹೋಯಿತೆಂದು ಹೇಳುವುದು ಸರಿ.

ಈ ಬಗೆಯ ಎರವಲನ್ನು ಗುರುತಿಸಿದ ಹಿರಿಮೆ ಪನಾಮಾ ದೇಶದ ರಿಕಾರ್ದೊ ಅಲ್ಫಾರೊ ಅವರಿಗೆ ವಿಶೇಷವಾಗಿ ಸಲ್ಲಬೇಕು. ಅವರ ಇಂಗ್ಲಿಷ್ ಎರವಲುಗಳ ನಿಘಂಟು 1950ರಲ್ಲಿ ಪ್ರಕಟವಾಯಿತು. 1964ರಲ್ಲಿ ಮದ್ರೀದಿನಲ್ಲಿ ಎರಡನೆಯ ಮುದ್ರಣವನ್ನು ಕಂಡಿತು. ಅಲ್ಫಾರೊ ಕೇವಲ ನಿಘಂಟುಕಾರರಲ್ಲ. ನ್ಯಾಯಶಾಸ್ತ್ರಜ್ಞರು, 1931–32ರಲ್ಲಿ ತಮ್ಮ ದೇಶದ ಅಧ್ಯಕ್ಷರಾಗಿದ್ದವರು, ಪನಾಮಾ ಕಾಲುವೆಯ ವಿಷಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದೊಡನೆ 1936ರ ಒಪ್ಪಂದವನ್ನು ಕುದುರಿಸಿದವರಲ್ಲಿ ಪ್ರಮುಖರು. ಎರಡು ಭಾಷೆಗಳಲ್ಲಿ ಒಂದೇ ಒಪ್ಪಂದವನ್ನು ಬರೆಯಬೇಕಾದವನಿಗೆ ಶಬ್ದಾರ್ಥದ ಓರೆಕೋರೆಗಳ ಬೆಲೆ ತಿಳಿದಿರುವುದು ಸಹಜ. ಅವರ ಗ್ರಂಥದಲ್ಲಿ ಖಂಡನೆ ಇಲ್ಲದಿಲ್ಲ. ಆದರೆ ಖಂಡನೆಗಿಂತ ವರ್ಗೀಕರಣವೇ ಅದರ ಬಲ. ಅಕಾಡೆಮಿಯ ನಿರ್ದೇಶಕರಾಗಿದ್ದ ಲಾಸರೊ ಕರ್ರೆತೇರ್ ಅವರು ಪತ್ರಿಕೆಗಳಲ್ಲಿ ಬರೆದು 1997ರಲ್ಲಿ ಗ್ರಂಥರೂಪದಲ್ಲಿ ಕೂಡಿಸಿದ ಲೇಖನಗಳಲ್ಲಿಯೂ ಕಟಕಿಯ ಮೊನೆಯು ಹೆಚ್ಚಾಗಿ ಇಂತಹ ಅರ್ಥಸಂಕರದ ಮೇಲೆಯೇ ಹರಿಯುತ್ತದೆ. ಈ ಇಬ್ಬರ ಬರಹಗಳಲ್ಲಿ ಬಾಳುವುದು ಈ ಭಾಗವೇ ಎಂದು ನಮ್ಮ ಅಭಿಪ್ರಾಯ.

ವಾಕ್ಯರಚನೆಯಲ್ಲಿಯೂ ಇಂಗ್ಲಿಷಿನ ನೆರಳು ಬಿದ್ದಿದೆ. ಸ್ಪ್ಯಾನಿಷಿನಲ್ಲಿ ವಿಶೇಷ್ಯವು ಮೊದಲು, ಅದನ್ನು ಭೇದಿಸುವ ಪದವು ಅನಂತರ ಬರುವುದು ವಾಡಿಕೆ. ವಿಜ್ಞಾನಕಥೆಗೆ ಇಂಗ್ಲಿಷಿನಲ್ಲಿರುವ ಹೆಸರನ್ನು ‘ಸ್ಯೇನ್ಸ್ಯ ಫಿಕ್ಸ್ಯೋನ್’ ಎಂದು ಪದಕ್ಕೆ ಪದವಿಟ್ಟು ತಂದುದರಿಂದ, ಆ ಭಾಷೆಯ ನ್ಯಾಯದಂತೆ ಅದು ಕಲ್ಪನೆಯ ವಿಜ್ಞಾನವಾಯಿತೇ ಹೊರತು ವಿಜ್ಞಾನದ ಕಲ್ಪನೆಯಾಗಲಿಲ್ಲ. ಕರ್ಮಣಿಪ್ರಯೋಗವು ಹೆಚ್ಚುತ್ತಿರುವುದಕ್ಕೂ ಇಂಗ್ಲಿಷ್ ವಾರ್ತೆಗಳ ಅವಸರದ ಅನುವಾದವೇ ಕಾರಣವೆಂದು ವಿಮರ್ಶಕರು ಹೇಳುವರು. ಆದರೆ ಆ ಪ್ರಯೋಗವು ಹಳೆಯ ಸ್ಪ್ಯಾನಿಷಿನಲ್ಲಿಯೂ ಇದ್ದುದರಿಂದ ಇದನ್ನು ಎರವಲೆನ್ನುವುದಕ್ಕಿಂತ, ಇದ್ದ ರೂಪದ ಬಳಕೆ ಹೆಚ್ಚಿತೆನ್ನುವುದೇ ನ್ಯಾಯ.

5

ಸ್ಪ್ಯಾನಿಷಿಗೆ ವಿಶಿಷ್ಟವಾದ ಮತ್ತೊಂದು ಸಮಸ್ಯೆಯನ್ನು ಈಗ ಹೇಳಬೇಕು. ಸುಮಾರು 50 ಕೋಟಿ ಜನರಿಗೆ ಮಾತೃಭಾಷೆಯಾದ ಇದು ಇಪ್ಪತ್ತು ದೇಶಗಳಲ್ಲಿ ರಾಜ್ಯಭಾಷೆಯಾಗಿದೆ. ಸ್ಪೇನಿನಲ್ಲಿರುವವರು ಹತ್ತರಲ್ಲಿ ಒಂದು ಪಾಲು. ಲ್ಯಾಟಿನ್ ಒಡೆದು ಹಲವು ಭಾಷೆಗಳಾದಂತೆ ಸ್ಪ್ಯಾನಿಷೂ ಒಡೆದೀತೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಲಂಬಿಯದ ಮಹಾವಿದ್ವಾಂಸನಾದ ಕ್ವೇರ್ಬೊ ಎಂಬುವನು ಶಂಕಿಸಿದನು. ಸ್ಪೇನಿನ ಹುವಾನ್ ಬಲೇರನು ಅದನ್ನು ಅಲ್ಲಗಳೆದನು. 1956ರಲ್ಲಿ ಮದ್ರೀದಿನಲ್ಲಿ ನಡೆದ ಅಕಾಡೆಮಿಗಳ ಎರಡನೆಯ ಸಮ್ಮೇಳನದಲ್ಲಿ ಕವಿಯೂ ಭಾಷಾಶಾಸ್ತ್ರಜ್ಞರೂ ಆದ ದಾಮಾಸೊ ಅಲೋನ್ಸೊ ಅವರು ಈ ಶಂಕೆಯನ್ನು ಬೇರೆ ರೀತಿಯಲ್ಲಿ ಎತ್ತಿದರು. ಪರಿಶುದ್ಧಿಗಿಂತ ಏಕತೆಯು ಮುಖ್ಯ. ಹೊಸ ವಸ್ತುಗಳಿಗೆ ಒಂದೊಂದು ದೇಶವೂ ಒಂದೊಂದು ಹೆಸರನ್ನಿಡುತ್ತ ಹೋದರೆ ಒಡಕು ಹುಟ್ಟುವುದೆಂಬುದು ಅವರ ವಾದದ ತಿರುಳು.

ಈ ದೃಷ್ಟಿಯಿಂದ ನೋಡಿದರೆ ಎರವಲಿನ ಪ್ರಶ್ನೆಯು ಬೇರೆಯಾಗಿಯೇ ಕಾಣುತ್ತದೆ. ಗಣಕಯಂತ್ರಕ್ಕೆ ಅಮೆರಿಕ ಖಂಡದ ಸ್ಪ್ಯಾನಿಷ್ ದೇಶಗಳಲ್ಲಿ ಇಂಗ್ಲಿಷಿನ ಜಾಡಿನಲ್ಲಿ ‘ಕೊಂಪುತದೋರ’ ಅಥವಾ ‘ಕೊಂಪುತದೋರ್’ ಎನ್ನುವರು. ಸ್ಪೇನಿನಲ್ಲಿ ಫ್ರೆಂಚಿನ ಜಾಡಿನಲ್ಲಿ ‘ಒರ್ದೆನದೋರ್’ ಎನ್ನುವರು. ಇಂಗ್ಲಿಷನ್ನು ದೂರವಿಟ್ಟ ಸ್ಪೇನು ತನ್ನದೇ ಭಾಷೆಯ ಹತ್ತರಲ್ಲಿ ಒಂಬತ್ತು ಪಾಲು ಜನರಿಂದಲೂ ಈ ಮಾತಿನ ಮಟ್ಟಿಗೆ ದೂರವಾಯಿತು. ವಾಹನವನ್ನು ನಿಲ್ಲಿಸಿಡುವುದಕ್ಕೆ ಸ್ಪೇನಿನಲ್ಲಿ ‘ಅಪರ್ಕಾರ್’, ಕೊಲಂಬಿಯದಲ್ಲಿ ‘ಪರ್ಕೆಆರ್’, ಮೆಕ್ಸಿಕೊ ಅರ್ಜೆಂಟೀನಗಳಲ್ಲಿ ‘ಎಸ್ತಸ್ಯೊನಾರ್’. ಮೊದಲನೆಯ ಎರಡೂ ಪಾರ್ಕ್ ಎಂಬ ಒಂದೇ ಎರವಲಿನ ಎರಡು ತದ್ಭವಗಳು, ಮೂರನೆಯದು ದೇಶೀಯ. ಎಲ್ಲರಿಗೂ ಸಮಾನವಾದ ‘ಗೋಲ್’ ಎಂಬ ಎರವಲು ಭಾಷೆಯ ಏಕತೆಗೆ ಸಾಧಕವಾಗಿರಲು, ದೇಶಕ್ಕೊಂದರಂತೆ ಹುಟ್ಟಿದ ಶುದ್ಧ ಶಬ್ದಗಳು ಅದಕ್ಕೆ ಬಾಧಕವಾಗಬಹುದೆಂಬುದನ್ನು ಪರಿಶುದ್ಧಿವಾದಿಗಳು ಯೋಚಿಸಬೇಕಾಗಿದೆ. ಅಕಾಡೆಮಿಗಳು 1951ರಿಂದ ಒಂದು ಸಂಘವಾಗಿ ಕೂಡಿ, 2005ರಲ್ಲಿ ಎಲ್ಲ ದೇಶಗಳಿಗೂ ಸಮಾನವಾದ ಒಂದು ಸಂದೇಹನಿವಾರಕ ನಿಘಂಟನ್ನು ಹೊರಡಿಸಿದುದು ಈ ತಿಳಿವಿನ ಫಲ.

6

ಇಂಗ್ಲಿಷು ದೂರದ ಅತಿಥಿಯಾಗಿರುವ ಕಡೆ ಮೇಲಿನ ವಿಚಾರವು ಸಾಕು. ಅದು ಒಡೆಯನಾಗಿ ಬಂದ ಕಡೆ ಸಾಲದು. ಪುಎರ್ತೊ ರೀಕೊ ದ್ವೀಪವು 1898ರ ಯುದ್ಧದಲ್ಲಿ ಸ್ಪೇನಿನಿಂದ ಅಮೆರಿಕ ಸಂಯುಕ್ತ ಸಂಸ್ಥಾನದ ವಶವಾಯಿತು. 1902ರಲ್ಲಿ ಅಲ್ಲಿ ಎರಡು ಭಾಷೆಗಳಿಗೂ ರಾಜ್ಯಭಾಷೆಯ ಸ್ಥಾನ ಬಂದಿತು; 1991ರಲ್ಲಿ ಸ್ಪ್ಯಾನಿಷೊಂದೇ ಎಂದು ಶಾಸನವಾಯಿತು; 1993ರಲ್ಲಿ ಮತ್ತೆ ಎರಡೂ ಆದುವು. ಕವಿ ಪೇದ್ರೊ ಸಲೀನಾಸ್ ಅವರು ಭಾಷೆಯ ರಕ್ಷಣೆಯನ್ನು ಕುರಿತು 1944ರಲ್ಲಿ ಪ್ರಸಿದ್ಧವಾದ ಉಪನ್ಯಾಸವನ್ನು ಮಾಡಿದುದು ಅಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ. ಎರಡು ಭಾಷೆಗಳ ಬೆರಕೆಯನ್ನು ಹಾಸ್ಯಮಾಡುತ್ತ ಸಲ್ಬದೋರ್ ತಿಯೋ ಅವರು 1948ರಲ್ಲಿ ‘ಎಸ್ಪಾಂಗ್ಲಿಶ್’ ಎಂಬ ಹೆಸರನ್ನು ಪತ್ರಿಕೆಯೊಂದರಲ್ಲಿ ಬಳಕೆಗೆ ತಂದರು. 2014ರಲ್ಲಿ ಅಕಾಡೆಮಿಯ ನಿಘಂಟು ಆ ಹೆಸರನ್ನು ಸೇರಿಸಿಕೊಂಡಾಗ, ಅರ್ಥವಿವರಣೆಯಲ್ಲಿ ರೂಪಗೆಡಿಸುವುದೆಂಬ ಮಾತಿದ್ದುದನ್ನು ಅಮೆರಿಕದಲ್ಲಿರುವ ಸ್ಪ್ಯಾನಿಷ್ ವಿದ್ವಾಂಸರು ಆಕ್ಷೇಪಿಸಿದರು, ಅದನ್ನು ತೆಗೆಯಬೇಕಾಯಿತು.

ಈ ಆಕ್ಷೇಪವು ಯುಕ್ತವಾದುದು. 2020ರ ಜನಗಣತಿಯಂತೆ ಸಂಯುಕ್ತ ಸಂಸ್ಥಾನದಲ್ಲಿ ಸ್ಪ್ಯಾನಿಷ್ ಮೂಲದವರು 6 ಕೋಟಿ 20 ಲಕ್ಷದಷ್ಟಿದ್ದರು. ಮನೆಯಲ್ಲಿ ಒಂದು, ಶಾಲೆಯಲ್ಲಿ ಮತ್ತೊಂದು ಭಾಷೆಯನ್ನಾಡುವ ಮಕ್ಕಳ ಮಾತಿನಲ್ಲಿ ಎರಡೂ ಕೂಡುವುದು ಅಜ್ಞಾನದಿಂದಲ್ಲ, ಎರಡನ್ನೂ ಬಲ್ಲುದರಿಂದ. ಅವರ ಮಾತನ್ನು ಮದ್ರೀದಿನ ಪತ್ರಿಕಾಲೇಖಕನ ಅಲಕ್ಷ್ಯದ ಅನುವಾದದೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಅಲ್ಲಿ ಸ್ಪ್ಯಾನಿಷಿಗೆ ಒದಗಿರುವ ಅಪಾಯವು ಎರವಲು ಶಬ್ದಗಳಿಂದಲ್ಲ. ಮೊಮ್ಮಕ್ಕಳ ಕಾಲಕ್ಕೆ ಆ ಭಾಷೆಯನ್ನೇ ಬಿಟ್ಟುಬಿಡುವುದರಿಂದ. ಬೆರಸಿಯಾದರೂ ಆಡುವವನು ಇನ್ನೂ ಆಡುತ್ತಿದ್ದಾನೆಂಬುದನ್ನು ಮರೆಯಬಾರದು.

7

ಈ ಪರಿಶೀಲನೆಯಿಂದ ಸಿದ್ಧವಾಗುವುದನ್ನು ಸಂಗ್ರಹವಾಗಿ ಹೇಳಬಹುದು. ಎರವಲು ಮಾತಿನ ಯೋಗ್ಯತೆಯನ್ನು ಅದರ ಹುಟ್ಟೂರಿನಿಂದ ನಿರ್ಣಯಿಸಲಾಗದು. ಅದು ಭಾಷೆಯ ವರ್ಣಕ್ರಮಕ್ಕೂ ಪ್ರತ್ಯಯಗಳಿಗೂ ಒಗ್ಗಿತೇ, ಭಾಷೆಯನ್ನಾಡುವ ಎಲ್ಲ ನಾಡುಗಳಿಗೂ ತಿಳಿಯುವುದೇ, ಮೊದಲಿದ್ದ ಒಂದು ಅರ್ಥಭೇದವನ್ನು ಅಳಿಸಿತೇ ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯ ಎರಡು ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮಾತುಗಳನ್ನು ಕುರಿತು ಪರಿಶುದ್ಧಿವಾದಿಗಳು ಪಟ್ಟ ಶ್ರಮವು ಬಹುಮಟ್ಟಿಗೆ ವ್ಯರ್ಥವಾಯಿತು. ಮೂರನೆಯದರ ಕಡೆಗೆ ಕಣ್ಣಿಟ್ಟವರ ಶ್ರಮವು ಇಂದಿಗೂ ಬೇಕಾಗಿದೆ. ಏಕೆಂದರೆ ಕಳೆದ ಶಬ್ದಕ್ಕೆ ಬದಲು ಶಬ್ದವನ್ನು ಯಾವಾಗ ಬೇಕಾದರೂ ತರಬಹುದು, ಎರಡು ಭಾವಗಳನ್ನು ಬೇರ್ಪಡಿಸುವ ಅಭ್ಯಾಸವನ್ನು ಕಳೆದುಕೊಂಡರೆ ಅದನ್ನು ಮರಳಿ ತರುವುದು ಸುಲಭವಲ್ಲ.

ಆಂಡಯ್ಯನು ಅಚ್ಚಗನ್ನಡದಲ್ಲಿ ಕಾವ್ಯವನ್ನು ಬರೆಯುವ ಛಲವನ್ನು ತೊಟ್ಟಾಗ ತತ್ಸಮಗಳನ್ನು ಬಿಟ್ಟನೇ ಹೊರತು ತದ್ಭವಗಳನ್ನು ಬಿಡಲಿಲ್ಲ. ಕಡುಶುದ್ಧಿಯನ್ನು ಬಯಸಿದವನೂ, ನಾಡಿನ ನಾಲಗೆಯು ತಿದ್ದಿ ತನ್ನದಾಗಿಸಿಕೊಂಡ ಮಾತನ್ನು ದೇಸಿಯೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಿದನು. ಸ್ಪ್ಯಾನಿಷ್ ಭಾಷೆಯ ಹಿತವನ್ನು ಚಿಂತಿಸುವವರಿಗೆ ಈ ವಿವೇಕವು ಒಪ್ಪುವಂತಹುದೇ. ಇಂಗ್ಲಿಷಿನಿಂದಲೇ ದಿನದಿನವೂ ಎರವಲು ಪಡೆಯುತ್ತಿರುವ ಕನ್ನಡದ ಬೋಧಕರೂ, ವಿದ್ಯಾರ್ಥಿಯ ಬರಹದಲ್ಲಿ ಇಂಗ್ಲಿಷ್ ಶಬ್ದವನ್ನು ಕಂಡೊಡನೆ ಕೆಂಪು ಗೀಟನ್ನು ಎಳೆಯುವ ಮೊದಲು, ಇಂಗ್ಲಿಷ್ ಅರ್ಥವನ್ನು ಹೊತ್ತು ನಿಂತ ಕನ್ನಡ ಶಬ್ದವನ್ನು ಹುಡುಕಿ ಗುರುತಿಸುವುದು ಹೆಚ್ಚು ಫಲಕಾರಿಯಾದೀತು.